ಮೂರು ಲಕ್ಷಕ್ಕೆ ಒಂದು ಪತ್ರ ಬೇಕಿತ್ತು

ಹಾಸನದ ನಮ್ಮ ಕ್ರೈಸ್ತ ಸಭೆಯವರು ಸೇರಿ ಒಂದು ಸಣ್ಣ ಟ್ರಸ್ಟ್ ನಡೆಸುತ್ತೇವೆ. ಸಕಲೇಶಪುರ ಕಡೆಯ ಕಾಫಿ ತೋಟಗಳ ಕೂಲಿಯವರ ಮಕ್ಕಳಿಗೆ ಹಾಸ್ಟೆಲ್. ನಾನು ಖಜಾಂಚಿಯಾದಾಗ ಭಾನುವಾರದ ಕಾಣಿಕೆ, ಸುಗ್ಗಿ ಹಬ್ಬದ ಹರಾಜಿನ ದುಡ್ಡು, ಹಾಸ್ಟೆಲಿಗೆ ಬಂದ ದಾನ ಎಲ್ಲವೂ ಒಂದೇ ಖಾತೆಯಲ್ಲಿತ್ತು. ಯಾರೂ ಒಂದು ರೂಪಾಯಿ ಮುಟ್ಟಿರಲಿಲ್ಲ. ಆದರೆ ಯಾರ ದುಡ್ಡು ಯಾವುದಕ್ಕೆ ಹೋಯಿತು ಅಂತ ಹೇಳಲು ಆಗುತ್ತಿರಲಿಲ್ಲ.

ಮೊದಲು ಖಾತೆ ಬೇರೆ ಮಾಡಿಸಿದೆ. "ಎರಡೂ ದೇವರ ಕೆಲಸವೇ ಅಲ್ವಾ?" ಎಂದರು ಸಭೆಯ ಪಾಸ್ಟರ್ ಅಯ್ಯನವರು. "ಹೌದು ಅಯ್ಯನವರೇ, ಆದರೆ ಕೊಟ್ಟವರು ಮಕ್ಕಳ ಊಟಕ್ಕೆ ಅಂತ ಕೊಟ್ಟಿದ್ದಾರೆ" ಎಂದೆ. ಕಾನೂನೂ ಹಾಗೇ ಇತ್ತು. 80ಜಿ, ಅಂದರೆ ದಾನಿಗೆ ತೆರಿಗೆ ವಿನಾಯಿತಿ ಸಿಗುವ ಮಾನ್ಯತೆ, ಇರುವ ಟ್ರಸ್ಟ್ ವರ್ಷದ ಆದಾಯದಲ್ಲಿ 5%ಗಿಂತ ಜಾಸ್ತಿ ಧಾರ್ಮಿಕ ಕೆಲಸಕ್ಕೆ ಖರ್ಚು ಮಾಡುವಂತಿರಲಿಲ್ಲ. ದೇವಾಲಯಕ್ಕೆ (ಚರ್ಚಿಗೆ) ಬಣ್ಣ ಹೊಡೆಸುವ ಖರ್ಚು ಅಂದಿನಿಂದ ಸಭೆಯ ಖಾತೆಗೆ ಹೋಯಿತು.

ನಾನು ಪೆಟ್ಟು ತಿಂದದ್ದು ಇನ್ನೊಂದು ಕಡೆ. ತೋಟದ ಮಾಲೀಕರೊಬ್ಬರು 3 ಲಕ್ಷದ ಚೆಕ್ ಕೊಟ್ಟರು. "ಅಸಲು ಮುಟ್ಟಬೇಡಿ, ಬಡ್ಡಿಯಲ್ಲಿ ಮಕ್ಕಳ ಫೀಸು ಕಟ್ಟಿ" ಎಂದರು. ಬಾಯಿಮಾತು. ನಾನು ಎಫ್‌ಡಿ ಮಾಡಿಸಿ ಸುಮ್ಮನಾದೆ. ಮಾರ್ಚ್ ಕಳೆದ ಮೇಲೆ ಆಡಿಟರ್ ಕೇಳಿದರು, "ಇದು ಕಾರ್ಪಸ್, ಅಂದರೆ ಅಸಲು ಮುಟ್ಟದ ಮೂಲನಿಧಿ, ಅಂತ ದಾನಿ ಬರೆದುಕೊಟ್ಟ ಪತ್ರ ಎಲ್ಲಿ?" ಪತ್ರ ಇರಲಿಲ್ಲ. ಪತ್ರವಿಲ್ಲದಿದ್ದರೆ ಅದು ಮಾಮೂಲಿ ಆದಾಯ ಎಂದರು. ಆದಾಯದ 85% ಆ ವರ್ಷವೇ ಖರ್ಚಾಗಬೇಕು, ಇಲ್ಲವೆಂದರೆ ತೆರಿಗೆ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಕೊನೆಗೆ ಟ್ರಸ್ಟಿಗಳು ಕೂತು, ಹಾಸ್ಟೆಲಿನ ಛಾವಣಿಗೆ ಈ ಹಣ ತೆಗೆದಿಡುತ್ತೇವೆ ಅಂತ ನಿರ್ಣಯ ಬರೆದರು. ಹೀಗೆ ಹಣ ತೆಗೆದಿಡುವುದನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸುವ ಫಾರಂ 10 ಅನ್ನು ಗಡುವಿನೊಳಗೆ ಸಲ್ಲಿಸಿದೆವು. ಹಾಗೆ ಮಾಡಿದರೆ ಖರ್ಚು ಮಾಡಲು 5 ವರ್ಷದ ಅವಕಾಶ ಸಿಗುತ್ತಿತ್ತು. ತೆರಿಗೆ ತಪ್ಪಿತು. ಆದರೆ ದಾನಿಯ ಮನಸ್ಸಿನಲ್ಲಿದ್ದದ್ದು ಫೀಸು, ಛಾವಣಿ ಅಲ್ಲ. ಅವರ ಮನೆಗೆ ಹೋಗಿ ಒಪ್ಪಿಗೆ ಕೇಳಿದೆ. ಅವರು ಒಪ್ಪಿದರು. ಆ ಬೇಸರ ಮಾತ್ರ ನನಗೆ ಇನ್ನೂ ಇದೆ.

ಈಗ ರಸೀದಿ ಪುಸ್ತಕದ ಜೊತೆಗೇ ಒಂದು ಸಾಲಿನ ಪತ್ರದ ನಮೂನೆ ಇಟ್ಟಿರುತ್ತೇನೆ. 2,000 ರೂಪಾಯಿ ದಾಟಿದ ನಗದಿಗೆ ದಾನಿಗೆ ತೆರಿಗೆ ವಿನಾಯಿತಿ ಇಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಜರ್ಮನಿಯ ಒಂದು ಸಭೆ ಹಣ ಕಳಿಸಲು ಮುಂದೆ ಬಂದಾಗ ಬೇಡ ಎಂದೆವು, ನಮಗೆ ವಿದೇಶದ ಹಣ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇಲ್ಲ.

ಕಷ್ಟವಾದದ್ದು ಅಕ್ಕಿಯ ವಿಷಯ. ಹಾಸ್ಟೆಲಿಗೆ ಅಕ್ಕಿ ಬರುತ್ತಿದ್ದದ್ದು ಟ್ರಸ್ಟಿಯೊಬ್ಬರ ತಮ್ಮನ ಅಂಗಡಿಯಿಂದ. ಬೆಲೆ ಸರಿಯಾಗೇ ಇತ್ತು. ಆದರೂ ಮೂರು ಅಂಗಡಿಯ ದರ ತರಿಸಿದೆವು. ತೀರ್ಮಾನದ ಹೊತ್ತಿಗೆ ಆ ಟ್ರಸ್ಟಿ ತಾವಾಗೇ ಎದ್ದು ಹೊರಗೆ ಹೋದರು. ಅದನ್ನೂ ನಡಾವಳಿ ಪುಸ್ತಕದಲ್ಲಿ ಬರೆದೆ. ಅಕ್ಕಿ ಈಗಲೂ ಅದೇ ಅಂಗಡಿಯಿಂದ ಬರುತ್ತದೆ, ದರಪಟ್ಟಿ ಮೂರೂ ಫೈಲಿನಲ್ಲಿವೆ.