ಬಿಲ್ ಕಿಟಕಿ ಮಧ್ಯಕ್ಕೆ ಬಂತು, ಪೇಷಂಟ್‌ಗಳು ಮತ್ತೆ ಬಂದರು: ನನ್ನ ಅನುಭವ

ನಮ್ಮ ಕ್ಲಿನಿಕ್‌ನಲ್ಲಿ ಬಿಲ್ ಕಟ್ಟುವ ಸರದಿ ಬದಲಿಸಿದರೆ ಪೇಷಂಟ್‌ಗಳು ಹೆಚ್ಚುತ್ತಾರೆ ಅಂದಾಗ ನನ್ನ ಪಾರ್ಟ್‌ನರ್ ಜೋರಾಗಿ ನಕ್ಕಿದ್ದರು. ಲೆಕ್ಕ ನೋಡುವ ಆಡಿಟರ್ ನಗಲೂ ಇಲ್ಲ, ಸುಮ್ನೆ ತಲೆ ಅಲ್ಲಾಡಿಸಿದರು. ಈಗ ಎರಡು ವರ್ಷದ ಮೇಲಾಯಿತು. ಇಬ್ಬರೂ ಆ ಮಾತು ಎತ್ತುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ದುಡ್ಡು ಸುರಿದದ್ದೆಲ್ಲ ಬೇರೆ ಕಡೆ. ಹೊಸ ಸೋಫಾ, ಗೋಡೆ ತುಂಬ ಟಿವಿ, ಕಾಫಿ ಮಷೀನ್. ಎಲ್ಲ ಸೇರಿ ಒಬ್ಬ ಸಿಸ್ಟರ್‌ಗೆ ಹತ್ತಿರ ಹತ್ತಿರ ಒಂದು ವರ್ಷ ಕೊಡಬಹುದಾದ ಸಂಬಳ. ಫಾಸ್ಟಿಂಗ್ ಶುಗರ್ ಟೆಸ್ಟ್‌ಗೆ ಬಂದವರೊಬ್ಬರು ಆ ಮಷೀನಿನ ಸಿಹಿ ಕಾಫಿ ಕುಡಿದು ಆರಾಮಾಗಿ ಕೂತಿದ್ದರು! ಅಪಾಯಿಂಟ್‌ಮೆಂಟ್ ಆಪ್‌ಗೆ ತಿಂಗಳು ತಿಂಗಳು ಚಂದಾ ಬೇರೆ. ವಯಸ್ಸಾದವರು ಮಗನ ಕೈಲಿ ಬುಕ್ ಮಾಡಿಸಿ, ಆಮೇಲೆ ‘ಬುಕ್ ಆಗಿದೆಯಾ’ ಅಂತ ಫೋನ್ ಮಾಡಿ ಕೇಳುತ್ತಿದ್ದರು. ಕೆಲಸ ಎರಡೆರಡು ಸಲ.

ಆಮೇಲೆ ಒಂದು ವಾರ ಬಿಡುವು ಸಿಕ್ಕಾಗಲೆಲ್ಲ ಹೊರಬಾಗಿಲ ಹತ್ತಿರ ನಿಂತು ನೋಡಿದೆ. ಒಳಗೆ ನಾನು ಎಷ್ಟೇ ಸಮಾಧಾನವಾಗಿ ಮಾತಾಡಿದರೂ, ಅವರ ಕೊನೆಯ ಹತ್ತು ನಿಮಿಷ ಬಿಲ್ ಕಿಟಕಿಯ ಮುಂದೆಯೇ ಕಳೆಯುತ್ತಿತ್ತು. ಚಿಲ್ಲರೆ ಇಲ್ಲ, ಕಾರ್ಡ್ ಮಷೀನ್‌ಗೆ ಸಿಗ್ನಲ್ ಇಲ್ಲ, ಹಿಂದಿನವರು ಮೈಮೇಲೆ ಬೀಳುತ್ತಿದ್ದಾರೆ. ಮನೆಗೆ ಹೋಗುವಾಗ ತಲೆಯಲ್ಲಿ ಉಳಿಯುವುದು ಅದೇ ಅಲ್ವಾ? ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳು ನೋಡುವುದು) ಪ್ರಯೋಗ ಹಲವರಿಗೆ ಗೊತ್ತಿರುತ್ತದೆ. ಸಂಶೋಧಕರಾದ ರೆಡೆಲ್‌ಮಿಯರ್, ಕಾನೆಮನ್ ಮತ್ತು ಜೊತೆಗಾರರು 2003ರಲ್ಲಿ ಪ್ರಕಟಿಸಿದ್ದು. ಕೊನೆಯಲ್ಲಿ ಆ ಕೊಳವೆ ಅಲ್ಲಾಡಿಸದೆ ಇನ್ನೂ ಸ್ವಲ್ಪ ಹೊತ್ತು ಹಾಗೇ ಇಟ್ಟರು. ಟೈಮ್ ಜಾಸ್ತಿ ಹಿಡಿದರೂ ಪೇಷಂಟ್‌ಗಳ ನೆನಪಿನಲ್ಲಿ ನೋವು ಕಮ್ಮಿಯಾಗಿತ್ತು.

ನಾವು ಮಾಡಿದ್ದು ಇಷ್ಟೇ. ನನ್ನ ಕೋಣೆಯಿಂದ ಬಿಲ್‌ಗೆ, ಬಿಲ್ ಮುಗಿಸಿ ಸಿಸ್ಟರ್ ಹತ್ತಿರ, ಅಲ್ಲಿಂದ ಮನೆಗೆ. ಸಿಸ್ಟರ್‌ಗೆ ಒಂದು ಚಿಕ್ಕ ಮೇಜು, ಎರಡು ಕುರ್ಚಿ. ಮಾತ್ರೆಯ ಸ್ಟ್ರಿಪ್‌ಗಳನ್ನು ಮುಂದೆ ಹರಡಿಕೊಂಡು ವಿವರಿಸುತ್ತಾರೆ. ‘ಅರ್ಥ ಆಯ್ತಾ’ ಅಂತ ಕೇಳುವ ಹಾಗಿಲ್ಲ, ಅದಕ್ಕೆ ಎಲ್ಲರೂ ತಲೆ ಆಡಿಸುತ್ತಾರೆ. ‘ಮನೆಗೆ ಹೋಗಿ ಯಾವುದನ್ನ ಯಾವಾಗ ತಗೋತೀರ, ನಂಗೊಂದ್ಸಲ ಹೇಳಿ. ನಾನು ಸರಿಯಾಗಿ ಹೇಳಿದ್ನಾ ನೋಡ್ಕೋತೀನಿ’ ಅನ್ನಬೇಕು. ನೆನಪಿನ ಮೇಲೆ ಹೇಳುವುದಾದರೆ ನಾಲ್ವರಲ್ಲಿ ಒಬ್ಬರು ಎಲ್ಲೋ ಒಂದು ಕಡೆ ತಪ್ಪುತ್ತಿದ್ದರು. ಇನ್ಹೇಲರ್ ಎಳೆದು ಉಸಿರು ಹಿಡಿಯದವರು ಬೇಕಾದಷ್ಟು. ಒಬ್ಬರ ಚೀಲದಲ್ಲಿ ಬಿಪಿಗೆ ಒಂದೇ ಔಷಧಿ ಎರಡು ಬ್ರಾಂಡ್ ಹೆಸರಲ್ಲಿತ್ತು. ಹಳೇ ಡಾಕ್ಟರ್ ಬರೆದದ್ದೊಂದು, ನಾನು ಬರೆದದ್ದೊಂದು. ಎರಡನ್ನೂ ನುಂಗಲು ತಯಾರಾಗಿದ್ದರು. ಅವರು ಈಗ ತಮ್ಮ ಮನೆಯವರನ್ನೆಲ್ಲ ನಮ್ಮಲ್ಲಿಗೇ ಕರೆತರುತ್ತಾರೆ.

ಖರ್ಚು? ಅರ್ಧ ದಿನಕ್ಕೆ ಇನ್ನೊಬ್ಬ ಸಿಸ್ಟರ್ ಬೇಕಾಯಿತು. ಮೊದಲ ನಾಲ್ಕೈದು ತಿಂಗಳು ನನ್ನ ಜೇಬಿಂದಲೇ ಕೊಟ್ಟೆ, ಪಾರ್ಟ್‌ನರ್ ಒಪ್ಪಲಿಲ್ಲ. ಹೇಳಿದ ದಿನಕ್ಕೆ ಫಾಲೋಅಪ್‌ಗೆ ಬರುವವರು ಮೊದಲು ಹತ್ತಕ್ಕೆ ನಾಲ್ಕು, ಈಗ ಆರೋ ಏಳೋ. ಜಾಹೀರಾತು ಪೂರ್ತಿ ನಿಲ್ಲಿಸಿದ್ದೇವೆ. ಆ ದುಡ್ಡಿನಲ್ಲೇ ಸಿಸ್ಟರ್ ಸಂಬಳ ಕಳೆದು ಸ್ವಲ್ಪ ಮಿಗುತ್ತದೆ.

ಕಾಯುವುದಕ್ಕೆ ಹೆಚ್ಚೇನೂ ಮಾಡಲಿಲ್ಲ. ತಡವಾದರೆ ಎಷ್ಟು, ಯಾಕೆ ಅಂತ ರಿಸೆಪ್ಷನ್‌ನಲ್ಲಿ ಎದ್ದು ನಿಂತು ಹೇಳುತ್ತಾರೆ. ಅರ್ಧ ಗಂಟೆ ಆಗಬಹುದು ಅನ್ನಿಸಿದರೆ ನಲವತ್ತು ನಿಮಿಷ ಅನ್ನುತ್ತಾರೆ. ಟಿವಿ ಈಗ ಆಫ್.

ನಡುವೆ ಒಂದೆರಡು ಹುಚ್ಚು ಪ್ರಯೋಗಗಳೂ ನಡೆದವು. ಪೇಷಂಟ್ ಮಾತಿಗೆ ಅಡ್ಡ ಬಾಯಿ ಹಾಕದೆ ಕೂತು ಟೈಮ್ ನೋಡಿದೆ. ಬಹುತೇಕರು ಎರಡು ನಿಮಿಷದೊಳಗೆ ತಾವೇ ನಿಲ್ಲಿಸುತ್ತಾರೆ. ಇಷ್ಟಕ್ಕೆ ಎಲ್ಲ ಎಷ್ಟು ಹೆದರುತ್ತೀವಿ ನೋಡಿ. ಇನ್ನೊಂದು, ಹೊಲಿಗೆ ಹಾಕುವಾಗ ಜಾಗ ಮರಗಟ್ಟಿಸಲು ಕೊಡುವ ಲಿಗ್ನೊಕೇನ್ ಇಂಜೆಕ್ಷನ್ ಉರಿಯುವುದು. ಒಂಬತ್ತು ಭಾಗಕ್ಕೆ ಒಂದು ಭಾಗ ಸೋಡಿಯಂ ಬೈಕಾರ್ಬೊನೇಟ್ ಬೆರೆಸಿ, ಮೈ ಬಿಸಿಗೆ ತಂದು, ನಿಧಾನ ಕೊಟ್ಟರೆ ಮಕ್ಕಳು ಅಳುವುದು ಎಷ್ಟೋ ಕಮ್ಮಿ. ಮರಗಟ್ಟಿಸುವ ಇನ್ನೊಂದು ಔಷಧಿ ಬ್ಯುಪಿವಕೇನ್‌ಗೆ ಈ ಲೆಕ್ಕ ಹಾಕಬೇಡಿ, ಗಸಿ ಕಟ್ಟುತ್ತದೆ.

ಪೇಷಂಟ್‌ಗಳಿಗೆ ಮರುದಿನ ಸಂಜೆ ಮಾಡುವ ಫೋನ್ ಮಾತ್ರ ನನ್ನ ಸ್ವಂತ ಐಡಿಯಾ. ಮೊದಲು ರೆಕಾರ್ಡ್ ಮಾಡಿದ ಧ್ವನಿ ಕಳಿಸಿದೆವು, ಅರ್ಧಕ್ಕರ್ಧ ಜನ ಮಾರಾಟದ ಕರೆ ಅಂತ ಕಟ್ ಮಾಡಿದರು. ರಿಸೆಪ್ಷನ್‌ನವರು ಚೀಟಿ ನೋಡಿ ಓದಿದಾಗಲೂ ಅದೇ ಕತೆ. ಈಗ ನಾನೇ ಮಾಡುತ್ತೇನೆ. ಹೊಲಿಗೆ ಹಾಕಿಸಿಕೊಂಡವರಿಗೆ, ಹೊಸ ಮಾತ್ರೆ ಶುರು ಮಾಡಿದವರಿಗೆ ಮಾತ್ರ, ದಿನಕ್ಕೆ ಆರೇಳು ಕರೆ. ‘ಹೇಗಿದ್ದೀರಿ’ ಅಂತ ಶುರು ಮಾಡುವುದಿಲ್ಲ. ಏನು ಕೇಳುತ್ತೇನೆ ಅನ್ನುವುದನ್ನು ಇಲ್ಲಿ ಬರೆಯಲ್ಲ, ನಮ್ಮ ಪಕ್ಕದ ಕ್ಲಿನಿಕ್‌ನವರೂ ಓದಬಹುದು.

ಸೋಮವಾರ ಬೆಳಿಗ್ಗೆ ಮಾತ್ರ ಇದೆಲ್ಲ ಕುಸಿದು ಬೀಳುತ್ತದೆ. ಸಿಸ್ಟರ್ ಮೇಜಿನ ಮುಂದೆಯೇ ಹೊಸ ಕ್ಯೂ. ಮುಂದಿನ ತಿಂಗಳಿಂದ ಆ ಹೊತ್ತಿಗೆ ಎರಡನೇ ಮೇಜು ಹಾಕುತ್ತಿದ್ದೇವೆ, ಅದರ ಸಂಬಳ ಪಾರ್ಟ್‌ನರ್ ಕೊಡುತ್ತಾರಂತೆ.