‘ಬೇಕು’ವಿನ ಬಾಲ ಹಿಡಿದು ಮಸ್ಟ್, ಶುಡ್ ಕಲಿಸಿದೆ: ನನ್ನ ಅನುಭವ

ತೀರ್ಥಹಳ್ಳಿಯಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಶುರು ಮಾಡಿ ಒಂಬತ್ತು ವರ್ಷ ಆಯಿತು. ಮೊದಲ ಆರು ವರ್ಷ ಮಸ್ಟ್, ಹ್ಯಾವ್ ಟು, ಶುಡ್ ಪಾಠವನ್ನು ನಾನು ತಪ್ಪಾಗಿಯೇ ಕಲಿಸಿದೆ. ಅದು ಗೊತ್ತಾಗಿದ್ದು ಒಂದು ಫೋನ್ ಕಾಲ್‌ನಿಂದ.

ನನ್ನ ಹಳೇ ವಿದ್ಯಾರ್ಥಿ ಒಬ್ಬ ಆಗುಂಬೆ ಕಡೆಯ ಹೋಂಸ್ಟೇಯಲ್ಲಿ ಕೆಲಸಕ್ಕಿದ್ದ. ಹೊರ ರಾಜ್ಯದಿಂದ ಆರು ಜನ ಬಂದಿದ್ದರು. ಊಟದ ಹೊತ್ತು. ಒಳಗೆ ಸೆಕೆ ಅನ್ನಿಸಿದರೆ ಜಗಲಿಯಲ್ಲೂ ಕೂರಬಹುದು, ಇಲ್ಲೇ ಊಟ ಮಾಡಬೇಕು ಅಂತೇನಿಲ್ಲ ಎಂದು ಹೇಳಲು ಹೊರಟವನು, ‘ಯೂ ಮಸ್ಟ್ ನಾಟ್ ಈಟ್ ಹಿಯರ್’ ಅಂದುಬಿಟ್ಟ. ಅವರಿಗೆ ಕೇಳಿಸಿದ್ದು ‘ಇಲ್ಲಿ ಊಟ ಮಾಡಕೂಡದು’ ಅಂತ. ಮುಖ ಸಿಂಡರಿಸಿಕೊಂಡು ಕಾರು ಹತ್ತಿ ಹೋದರು. ಆರು ಜನರ ಅಡುಗೆ ಹಾಳು, ಮಾಲೀಕರಿಂದ ಬೈಗುಳ ಬೇರೆ. ಹುಡುಗ ಫೋನ್ ಮಾಡಿ, ‘ಸರ್, ನೀವು ಹೇಳಿಕೊಟ್ಟ ಹಾಗೇ ಹೇಳಿದೆ’ ಅಂದ. ನಿಜ. ಮಸ್ಟ್‌ಗೆ ನೆಗೆಟಿವ್ ಮಸ್ಟ್ ನಾಟ್ ಅಂತ ಬೋರ್ಡಿನ ಮೇಲೆ ಬರೆದವನು ನಾನೇ. ಹ್ಯಾವ್ ಟುಗೆ ಡೋಂಟ್ ಹ್ಯಾವ್ ಟು ಅಂತ ಅದರ ಪಕ್ಕದಲ್ಲೇ ಬರೆದಿದ್ದೆ. ಮೊದಲನೆಯದು ‘ಕೂಡದು’, ಎರಡನೆಯದು ‘ಬೇಕಾಗಿಲ್ಲ’; ಎರಡರ ನಡುವೆ ಎಷ್ಟು ದೂರ ಇದೆ ಅಂತ ಬಾಯಿಬಿಟ್ಟು ಹೇಳಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ನೀವೂ ಕ್ಲಾಸ್ ನಡೆಸುವವರಾದರೆ ಮಸ್ಟ್, ಶುಡ್ ಥರದ ಸಹಾಯಕ ಕ್ರಿಯಾಪದ, ಅಂದರೆ ಮೋಡಲ್ ವರ್ಬ್, ಏನು ಅಂತ ನಾನು ಹೇಳಬೇಕಾಗಿಲ್ಲ. ಸೋತ ದಾರಿಗಳನ್ನು ಹೇಳುತ್ತೇನೆ, ನಿಮ್ಮ ದುಡ್ಡಾದರೂ ಉಳಿಯಲಿ.

ಮೊದಲು ಪರ್ಸೆಂಟ್ ಚಾರ್ಟ್ ಮಾಡಿದೆ. ಮಸ್ಟ್ ನೂರು, ಹ್ಯಾವ್ ಟು ತೊಂಬತ್ತು, ಶುಡ್ ಅರವತ್ತು. ನೋಡಲು ಚೆಂದ. ಮಾತಾಡುವಾಗ ಯಾರೂ ಪರ್ಸೆಂಟ್ ಲೆಕ್ಕ ಹಾಕುವುದಿಲ್ಲ. ಆಮೇಲೆ ಬಿಟ್ಟ ಸ್ಥಳ ತುಂಬಿಸುವ ಪುಸ್ತಕ. ಶಿವಮೊಗ್ಗದಲ್ಲಿ 200 ಪ್ರತಿ ಹಾಕಿಸಿದೆ, ಸುಮಾರು 9,000 ರೂಪಾಯಿ. ಅರವತ್ತೋ ಎಪ್ಪತ್ತೋ ಖರ್ಚಾದವು. ಉಳಿದಿದ್ದು ಅಟ್ಟದ ಮೇಲೆ, ಒಂದೇ ಮಳೆಗಾಲಕ್ಕೆ ಬೂಸ್ಟು ಹಿಡಿದು ಹಾಳೆಗೆ ಹಾಳೆ ಅಂಟಿಕೊಂಡಿತು. ಕ್ಲಾಸಲ್ಲಿ ಕನ್ನಡ ಮಾತಾಡಿದರೆ ಐದು ರೂಪಾಯಿ ದಂಡ ಅಂತಲೂ ಮಾಡಿದೆ. ಡಬ್ಬಿಯಲ್ಲಿ ಮುನ್ನೂರು ಚಿಲ್ಲರೆ ಸೇರಿತು, ಮೂರು ಜನ ಕ್ಲಾಸ್ ಬಿಟ್ಟರು. 1,800 ಫೀಸಿನ ಹಾಗೆ ನೀವೇ ಲೆಕ್ಕ ಹಾಕಿ. ಆ ವರ್ಷ ಒಂದು ಬ್ಯಾಚಿಗೆ ಏಳೇ ಜನ. ರೂಮಿನ ಬಾಡಿಗೆ 4,000 ಕೊಟ್ಟರೆ ಕೈಯಲ್ಲಿ ಹೆಚ್ಚೇನೂ ಉಳಿಯುತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಅಡಿಕೆ ತೋಟದ ಮಾತಿನಲ್ಲಿ. ಜುಲೈ ತಿಂಗಳು, ಮಳೆ ಬಿಡದೆ ಸುರಿಯುತ್ತಿತ್ತು. ಪಕ್ಕದ ಮನೆಯವರು ಜಗಲಿಯಲ್ಲಿ ಕೂತು, ಮಳೆಗಾಲದಲ್ಲಿ ಅಡಿಕೆ ಕಾಯಿಗೆ ಬರುವ ಕೊಳೆರೋಗದ ಕಥೆ ಹೇಳುತ್ತಿದ್ದರು. ‘ಮಳೆ ಹಿಡಿಯೋ ಮೊದಲೇ ಬೋರ್ಡೋ ಹೊಡೀಬೇಕಿತ್ತು. ಕೊನೆಗಾರ ಸಿಗಲಿಲ್ಲ. ಕೊನೆಗೆ ಹೊಳವಾದ ಒಂದು ದಿನ ನೋಡಿ ಹೊಡೀಬೇಕಾಯ್ತು.’ ಬೋರ್ಡೋ ಅಂದರೆ ಆ ರೋಗಕ್ಕೆ ಹೊಡೆಯುವ ಔಷಧಿ, ಕೊನೆಗಾರ ಅಂದರೆ ಅಡಿಕೆ ಮರ ಹತ್ತುವವನು, ಹೊಳವು ಅಂದರೆ ಮಳೆ ಬಿಟ್ಟ ಹೊತ್ತು.

ಹೊಡೀಬೇಕಿತ್ತು. ಹೊಡೀಬೇಕಾಯ್ತು. ಮೊದಲನೆಯದು ಆಗದೇ ಹೋದ ಕೆಲಸ. ಎರಡನೆಯದು ಬೇರೆ ದಾರಿ ಇಲ್ಲದೆ ಮಾಡಿದ ಕೆಲಸ. ಶುಡ್ ಹ್ಯಾವ್ ಸ್ಪ್ರೇಡ್, ಹ್ಯಾಡ್ ಟು ಸ್ಪ್ರೇ. ಇದನ್ನು ಕಲಿಸಲು ನಾನು ವರ್ಷಗಟ್ಟಲೆ ಒದ್ದಾಡಿದ್ದೆ, ಇವರು ಕಾಫಿ ಕುಡಿಯುತ್ತಾ ಎರಡು ವಾಕ್ಯದಲ್ಲಿ ಬಿಡಿಸಿಟ್ಟರು! ನನ್ನ ವಿದ್ಯಾರ್ಥಿಗಳ ಬಾಯಲ್ಲೂ ಈ ವ್ಯತ್ಯಾಸ ಹುಟ್ಟಿದಾಗಿನಿಂದ ಇದೆ, ಅಲ್ವಾ? ಅದನ್ನು ಐದು ರೂಪಾಯಿ ದಂಡ ಹಾಕಿ ನಾನೇ ಹೊರಗೆ ನಿಲ್ಲಿಸಿದ್ದೆ.

ಮುಂದಿನ ಬ್ಯಾಚಿಗೆ ಮೊದಲ ದಿನ ಇಂಗ್ಲಿಷ್ ಬರೆಸಲೇ ಇಲ್ಲ. ಮನೆಯಲ್ಲಿ, ಬಸ್ಸಿನಲ್ಲಿ, ಮಂಡಿಯಲ್ಲಿ ಕೇಳಿದ ‘ಬೇಕು’ ವಾಕ್ಯಗಳನ್ನು ತನ್ನಿ ಅಂದೆ. ಒಬ್ಬೊಬ್ಬರು ಇಪ್ಪತ್ತು ಮೂವತ್ತು ತಂದರು. ಕ್ರಿಯಾಪದದ ಕೊನೆಯಲ್ಲಿ ಬರುವ ಬಾಲ ನೋಡಿ ಗುಂಪು ಮಾಡಿದೆವು. ಮಾಡಲೇಬೇಕು ಅನ್ನುವಾಗ ಆ ‘ಲೇ’ ಇದೆಯಲ್ಲ, ಅದರ ಒತ್ತು ಮಸ್ಟ್‌ನದು. ಮಾಡಬೇಕಾಗುತ್ತೆ ಅಂದರೆ ವಿಲ್ ಹ್ಯಾವ್ ಟು. ಮಾಡಬಾರದು, ಮಾಡಕೂಡದು ಒಂದು ಕಡೆ, ಅದು ಮಸ್ಟ್ ನಾಟ್. ಮಾಡಬೇಕಾಗಿಲ್ಲ ಇನ್ನೊಂದು ಕಡೆ, ಅದು ಡೋಂಟ್ ಹ್ಯಾವ್ ಟು. ಇವೆರಡನ್ನು ಬೋರ್ಡಿನ ಎರಡು ತುದಿಯಲ್ಲಿ ಬರೆಸಿದೆ. ಹೋಂಸ್ಟೇ ಕಥೆ ಹೇಳಿದೆ. ಆಮೇಲೆ ಆ ತಪ್ಪು ನನ್ನ ಕ್ಲಾಸಿನಲ್ಲಿ ಬಹಳ ಕಡಿಮೆಯಾಗಿದೆ.

ಬರೀ ‘ಬೇಕು’ ಬಂದಾಗ ಈ ದಾರಿ ಎಡವುತ್ತದೆ. ಅದು ಶುಡ್ ಆಗಬಹುದು, ಹ್ಯಾವ್ ಟು ಆಗಬಹುದು, ನೀಡ್ ಟುನೂ ಆಗಬಹುದು. ಅದಕ್ಕೆ ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ: ಮಾಡದೇ ಇದ್ದರೆ ಏನಾಗುತ್ತೆ? ಹಿರಿಯರು ಗೊಣಗುತ್ತಾರೆ ಅಷ್ಟೇ ಅಂದರೆ ಶುಡ್. ದಂಡ ಬೀಳುತ್ತೆ, ಬೆಳೆ ಹೋಗುತ್ತೆ, ಕೆಲಸ ಹೋಗುತ್ತೆ ಅಂದರೆ ಹ್ಯಾವ್ ಟು. ‘ಬೇಕಿತ್ತು’ ಕೂಡ ಒಮ್ಮೊಮ್ಮೆ ಮೋಸ ಮಾಡುತ್ತದೆ. ‘ನಿನ್ನೆ ಆಸ್ಪತ್ರೆಗೆ ಹೋಗಬೇಕಿತ್ತು, ಅದಕ್ಕೇ ಬರಲಿಲ್ಲ’ ಅನ್ನುವವನು ಆಸ್ಪತ್ರೆಗೆ ಹೋಗಿದ್ದಾನೆ. ಅದು ಹ್ಯಾಡ್ ಟು. ಹಾಗಾಗಿ ಮುಂದೆ ‘ಆದರೆ ಆಗಲಿಲ್ಲ’ ಅಂತ ಸೇರಿಸಿ ನೋಡಲು ಹೇಳುತ್ತೇನೆ. ಅದು ಸರಿಯಾಗಿ ಹೊಂದಿದರೆ ಶುಡ್ ಹ್ಯಾವ್. ಮಸ್ಟ್‌ಗೆ ಮಾತ್ರ ಈ ಅರ್ಥದಲ್ಲಿ ಭೂತಕಾಲವೇ ಇಲ್ಲ, ನಿನ್ನೆಯ ಮಾತಾದರೆ ಹ್ಯಾಡ್ ಟುಗೇ ಹೋಗಬೇಕು. ಹಳೇ ಇಂಗ್ಲಿಷಿನಲ್ಲಿ ಮಸ್ಟ್ ತಾನೇ ಒಂದು ಭೂತಕಾಲದ ರೂಪ. ಅದಕ್ಕಿಂತ ಜಾಸ್ತಿ ಚರಿತ್ರೆ ನಾನು ಹೇಳುವುದಿಲ್ಲ.

ತುಂಬಾ ಖುಷಿ ಕೊಟ್ಟಿದ್ದು ‘ಇರಬೇಕು’. ಕ್ಲಾಸ್ ನಡುವೆ ಫ್ಯಾನ್ ನಿಂತಿತು. ಹಿಂದಿನ ಬೆಂಚಿನ ಹುಡುಗಿ, ‘ಎಲ್ಲೋ ಮರ ಬಿದ್ದಿರಬೇಕು’ ಅಂದಳು. ಇಂಗ್ಲಿಷಿನಲ್ಲಿ ಹೇಳು ಅಂದೆ. ಒಂದು ಕ್ಷಣ ತಡೆದು, ‘ಅ ಟ್ರೀ ಮಸ್ಟ್ ಹ್ಯಾವ್ ಫಾಲನ್’ ಅಂದಳು. ಯಾರೂ ಕಲಿಸಿರಲಿಲ್ಲ! ಊಹೆಗೂ ಕಡ್ಡಾಯಕ್ಕೂ ಒಂದೇ ಪದ ಬಳಸುವ ಅಭ್ಯಾಸ ಎರಡೂ ಭಾಷೆಗೆ ಇದೆ. ಇಲ್ಲ ಅನ್ನುವ ಊಹೆಗೆ ಮಾತ್ರ ಮಸ್ಟ್ ನಾಟ್ ಅನ್ನದೆ ಕಾಂಟ್ ಬಳಸಿ ಅಂತ ಎಚ್ಚರಿಸಬೇಕು. ‘ಅವನು ಮನೇಲಿ ಇರೋಕೆ ಸಾಧ್ಯವೇ ಇಲ್ಲ’ ಅಂದರೆ ‘ಹೀ ಕಾಂಟ್ ಬೀ ಅಟ್ ಹೋಮ್’.

ಸುಮ್ನೆ ಕುತೂಹಲಕ್ಕೆ ಬೇರೆ ಪ್ರಯೋಗಗಳೂ ಆದವು. ಸಾಗರ ಕಡೆಯ ಹವ್ಯಕರ ಹುಡುಗಿಯೊಬ್ಬಳು ಮನೆಯಲ್ಲಿ ‘ಹೋಗಬೇಕು, ಮಾಡಬೇಕು’ ಅನ್ನಲು ‘ಹೋಗವು, ಮಾಡವು’ ಅನ್ನುತ್ತಾಳೆ. ಅವಳ ವಾಕ್ಯಗಳನ್ನು ಬೇರೆ ಪಟ್ಟಿ ಮಾಡಿಸಿದೆ. ಪಾಠಕ್ಕೆ ಹೆಚ್ಚು ಉಪಯೋಗ ಆಗಲಿಲ್ಲ, ಆದರೆ ಅವಳ ಸಂಕೋಚ ಹೋಯಿತು. ಇನ್ನೊಂದು, 2,400 ಕೊಟ್ಟು ಸ್ಪೀಕರ್ ತಂದು ಕ್ರಿಕೆಟಿಗರ ಸಂದರ್ಶನ ಕೇಳಿಸಿದ್ದು. ಹ್ಯಾವ್ ಟು ಎಲ್ಲೂ ಬರಲಿಲ್ಲ ಸರ್ ಅಂದರು. ಬಂದಿತ್ತು, ‘ಹ್ಯಾಫ್ಟು’ ಅಂತ. ಮುಕ್ಕಾಲು ಗಂಟೆಯ ಮಾತಿನಲ್ಲಿ ಎಣಿಸಿದರೆ ಹ್ಯಾಫ್ಟು ಇಪ್ಪತ್ತರ ಮೇಲೆ, ಮಸ್ಟ್ ಮೂರೋ ನಾಲ್ಕೋ. ನೋಟಿಸ್ ಬೋರ್ಡಿನಲ್ಲಿ ಕಾಣುವಷ್ಟು ಮಸ್ಟ್ ಬಾಯಿಮಾತಿನಲ್ಲಿ ಇಲ್ಲ. ಆವತ್ತಿನಿಂದ ನಾನು ಹ್ಯಾವ್ ಟುವನ್ನೇ ಮೊದಲು ಕಲಿಸುತ್ತೇನೆ. ಸ್ಪೀಕರಿನ ದುಡ್ಡು ಅಲ್ಲಿಗೇ ವಸೂಲಾಯಿತು.

ಶಿವಮೊಗ್ಗದ ಹಿರಿಯ ಮೇಷ್ಟ್ರೊಬ್ಬರು, ‘ಕನ್ನಡ ತಂದರೆ ಅವರು ಜೀವನ ಪೂರ್ತಿ ತರ್ಜುಮೆ ಮಾಡುತ್ತಲೇ ಇರುತ್ತಾರೆ’ ಅಂದಿದ್ದರು. ಆದರೆ ಮೂರನೇ ವಾರದಲ್ಲೇ ಆ ಕನ್ನಡದ ಊರುಗೋಲು ಬಿದ್ದುಹೋಗುತ್ತದೆ. ಕಳೆದ ಬ್ಯಾಚಿನಲ್ಲಿ ಹತ್ತೊಂಬತ್ತು ಜನ. ಕೊನೆಯ ದಿನ ಒಬ್ಬೊಬ್ಬರನ್ನೇ ಮಾತಾಡಿಸಿ ನೋಡಿದೆ, ಹದಿನೈದು ಹದಿನಾರು ಜನ ಯೋಚಿಸದೆ ಸರಿಯಾಗಿ ಹೇಳಿದರು. ಮೊದಲು ನಾಲ್ಕೈದು ಜನ ಹೇಳಿದರೆ ಹೆಚ್ಚು. ಫೀಸು ಈಗ 2,500. ಆ ಹೋಂಸ್ಟೇ ಮಾಲೀಕರು ತಾವೇ ಫೀಸು ಕಟ್ಟಿ ಇನ್ನಿಬ್ಬರು ಹುಡುಗರನ್ನು ಕಳಿಸಿದ್ದಾರೆ. ಹಿರಿಯ ಮೇಷ್ಟ್ರೂ ಒಂದು ಸಂಜೆ ಬಂದು ಹಿಂದೆ ಕೂತು, ಹೋಗುವಾಗ ನೋಟ್ಸ್ ಕೇಳಿದರು. ಸಂತೋಷದಿಂದ ಕೊಟ್ಟೆ. ಊರುಗೋಲು ಬೀಳಿಸುವ ಮೂರನೇ ವಾರದ ಹಗ್ಗದ ಆಟ ಮಾತ್ರ ಅದರಲ್ಲಿಲ್ಲ. ಅದನ್ನು ಇಲ್ಲಿಯೂ ಬರೆಯುವುದಿಲ್ಲ. ನನ್ನ ಹೊಟ್ಟೆಪಾಡು ಅದರ ಮೇಲೇ ನಿಂತಿದೆ.

ಈಗ ತಲೆ ಕೆಡಿಸಿರುವುದು ಸಪೋಸ್ಡ್ ಟು. ‘ಬಸ್ಸು ಎಂಟಕ್ಕೆ ಬರಬೇಕು, ಬರೋದು ಒಂಬತ್ತಕ್ಕೆ’ ಅನ್ನುವಾಗಿನ ಆ ‘ಬರಬೇಕು’ ಇದೆಯಲ್ಲ, ಅದಕ್ಕೆ ಇದೇ ಸರಿ. ಆದರೆ ಅದನ್ನು ಗುರುತಿಸಲು ಕನ್ನಡದಲ್ಲಿ ಬೇರೆ ಬಾಲವಿಲ್ಲ, ದನಿ ಮಾತ್ರ ಬದಲಾಗುತ್ತದೆ. ಅಡಿಕೆ ಕೊನೆ ಕೊಯ್ಲು ಮುಗಿದು ಹುಡುಗರು ಕ್ಲಾಸಿಗೆ ಬಂದ ಮೇಲೆ ಆ ದನಿಗಳನ್ನೇ ರೆಕಾರ್ಡ್ ಮಾಡಿಸಿ ನೋಡುತ್ತೇನೆ.