ಪೋರ್ಟ್ ಮಿರರಿಂಗ್: ಕ್ಯಾಮೆರಾ ಪ್ಯಾಕೆಟ್ ಕಾಣದಿದ್ದರೆ ಸೋರ್ಸ್ ಪೋರ್ಟ್ ನೋಡಿ

ವಿರಾಜಪೇಟೆ ಹತ್ತಿರದ ಕಾಫಿ ತೋಟ. ಕಣದ ಕಡೆಯ ಕ್ಯಾಮೆರಾದ ಚಿತ್ರ ಮಳೆಗಾಲದುದ್ದಕ್ಕೂ ನಿಂತು ನಿಂತು ಬರುತ್ತಿತ್ತು. ಸಿಸ್ಕೋ ಕ್ಯಾಟಲಿಸ್ಟ್ ಸ್ವಿಚ್‌ನಲ್ಲಿ ಮಿರರ್ ಹಾಕಿ (ಒಂದು ಪೋರ್ಟಿನ ಟ್ರಾಫಿಕ್‌ನ ನಕಲನ್ನು ಲ್ಯಾಪ್‌ಟಾಪ್ ಇರುವ ಪೋರ್ಟ್‌ಗೆ ಕಳಿಸುವುದು) ಪ್ಯಾಕೆಟ್ ನೋಡುವ ತಂತ್ರಾಂಶ ವೈರ್‌ಶಾರ್ಕ್ ತೆರೆದರೆ ಬರೀ ಎಆರ್‌ಪಿ (ವಿಳಾಸ ಹುಡುಕುವ ಪ್ಯಾಕೆಟ್), ಬ್ರಾಡ್‌ಕಾಸ್ಟ್. ಕ್ಯಾಮೆರಾದ್ದು ಒಂದು ಪ್ಯಾಕೆಟ್ಟೂ ಇಲ್ಲ.

ಕೇಬಲ್ ಬದಲಿಸಿದೆ, ಲ್ಯಾಪ್‌ಟಾಪ್ ಫೈರ್‌ವಾಲ್ ಆಫ್ ಮಾಡಿದೆ, ಪ್ರಾಮಿಸ್ಕ್ಯುಯಸ್ ಮೋಡ್ (ತನಗಲ್ಲದ ಪ್ಯಾಕೆಟ್ಟನ್ನೂ ಹಿಡಿಯುವ ಸೆಟ್ಟಿಂಗ್) ಆನ್ ಇದೆಯೇ ನೋಡಿದೆ, ಸ್ವಿಚ್ ರೀಬೂಟ್ ಮಾಡಿದೆ. ಯಾವುದೂ ಕೆಲಸಕ್ಕೆ ಬರಲಿಲ್ಲ.

ತಪ್ಪು ಸೋರ್ಸ್‌ನಲ್ಲಿತ್ತು, ಅಂದರೆ ಯಾವ ಪೋರ್ಟಿನ ನಕಲು ಬೇಕೋ ಅದರಲ್ಲಿ. ನಾನು ಕೊಟ್ಟಿದ್ದು ರೌಟರ್‌ಗೆ ಹೋಗುವ ಪೋರ್ಟ್. ಕ್ಯಾಮೆರಾ, ಅದರ ಚಿತ್ರ ರೆಕಾರ್ಡ್ ಮಾಡುವ ಎನ್‌ವಿಆರ್ ಎರಡೂ ಒಂದೇ ವಿಎಲ್‌ಎಎನ್ (ಸ್ವಿಚ್‌ನೊಳಗಿನ ಪ್ರತ್ಯೇಕ ಜಾಲ), ಒಂದೇ ಸ್ವಿಚ್; ಆ ಟ್ರಾಫಿಕ್ ರೌಟರ್ ಕಡೆ ತಲೆಯೇ ಹಾಕುವುದಿಲ್ಲ. ಎನ್‌ವಿಆರ್ ಇರುವ ಪೋರ್ಟನ್ನೇ ಸೋರ್ಸ್ ಮಾಡಬೇಕು.

ಮೊದಲು ಹಳೆಯದನ್ನು ಅಳಿಸಿ. ಇಲ್ಲದಿದ್ದರೆ ಹೊಸ ಸೋರ್ಸ್ ಹಳೆಯದರ ಜೊತೆ ಸೇರಿಕೊಳ್ಳುತ್ತದೆ, ಅದರ ಜಾಗಕ್ಕೆ ಬರುವುದಿಲ್ಲ. ಕಾನ್ಫಿಗ್ ಮೋಡ್‌ನಲ್ಲಿ ಈ ಕ್ರಮ:

ನೋ ಮಾನಿಟರ್ ಸೆಷನ್ 1
ಮಾನಿಟರ್ ಸೆಷನ್ 1 ಸೋರ್ಸ್ ಇಂಟರ್‌ಫೇಸ್ ಜಿಐ0/8 ಬೋತ್
ಮಾನಿಟರ್ ಸೆಷನ್ 1 ಡೆಸ್ಟಿನೇಷನ್ ಇಂಟರ್‌ಫೇಸ್ ಜಿಐ0/24

0/8 ಎನ್‌ವಿಆರ್, 0/24 ಲ್ಯಾಪ್‌ಟಾಪ್. ಆಮೇಲೆ 'ಶೋ ಮಾನಿಟರ್ ಸೆಷನ್ 1' ಕೊಟ್ಟು, ಬೋತ್ ಎದುರು 0/8 ಒಂದೇ ಇದೆಯೇ ನೋಡಿ. ಡೆಸ್ಟಿನೇಷನ್ ಪೋರ್ಟ್‌ನಲ್ಲಿ ಮಾಮೂಲಿ ನೆಟ್ ಸಿಗುವುದಿಲ್ಲ, ಅದು ದೋಷವಲ್ಲ. ನೆಟ್ ಬೇಕಿದ್ದರೆ ವೈಫೈ ಬಳಸಿ.

ಪ್ಯಾಕೆಟ್ ಬಂದ ಕೂಡಲೇ ಕಣದ ಕ್ಯಾಮೆರಾದಿಂದ ಟಿಸಿಪಿ ರೀಟ್ರಾನ್ಸ್‌ಮಿಷನ್ (ತಲುಪದ ಪ್ಯಾಕೆಟ್ಟನ್ನು ಮತ್ತೆ ಕಳಿಸುವುದು) ಸಾಲುಗಟ್ಟಿ ಕಂಡವು. ಆ ಲೈನ್ ಹಿಡಿದು ಹೋದರೆ ಸೂರಿನಡಿಯ ಜಾಯಿಂಟ್‌ಗೆ ನೀರು ಇಳಿದು ಆರ್‌ಜೆ45 ಪಿನ್‌ಗಳು ಹಸಿರುಗಟ್ಟಿದ್ದವು. ತುದಿ ಕತ್ತರಿಸಿ ಹೊಸದು ಕ್ರಿಂಪ್ ಮಾಡಿದೆ. ಚಿತ್ರ ಈಗ ನಿಲ್ಲುತ್ತಿಲ್ಲ.